ಆನೆಗೊಂದಿಯಿಂದ ಐಹೊಳೆಗೆ ಬಂಡಿದಾರಿ: ಮೊದಲು ನಡೆದು ನೋಡಿ, ಆಮೇಲೆ ಟೆಂಡರ್ ಕರೆಯಿರಿ

ಗೆ,
ಪ್ರವಾಸೋದ್ಯಮ, ಕಂದಾಯ ಮತ್ತು ಭೂಮಾಪನ ಇಲಾಖೆಗಳ ಅಧಿಕಾರಿಗಳು,
ಕೊಪ್ಪಳ, ಗದಗ ಮತ್ತು ಬಾಗಲಕೋಟೆ ಜಿಲ್ಲಾಧಿಕಾರಿಗಳು,
ದಾರಿಯಲ್ಲಿ ಬರುವ ಗ್ರಾಮ ಪಂಚಾಯಿತಿಗಳ ಅಧ್ಯಕ್ಷರು ಮತ್ತು ಸದಸ್ಯರು.

ವಿಷಯ: ನಡೆಯುವವರು, ಸೈಕಲ್ ಸವಾರರು ಮತ್ತು ಕುದುರೆ ಸವಾರರಿಗೆ ಒಂದೇ ದೂರದಾರಿ ಗುರುತಿಸಲು ಪರಿಶೀಲನಾ ನಡಿಗೆ ಕೈಗೊಳ್ಳುವ ಬಗ್ಗೆ.

ಮಾನ್ಯರೇ,

ಆನೆಗೊಂದಿಯಿಂದ ಹೊರಟು ಕೊಪ್ಪಳ, ಕುಕನೂರು, ಇಟಗಿ, ನರೇಗಲ್, ಸೂಡಿ, ಬಾದಾಮಿ, ಮಹಾಕೂಟ, ಪಟ್ಟದಕಲ್ಲು ಹಾದು ಐಹೊಳೆ ಮುಟ್ಟುವ ಒಂದು ದೂರದಾರಿ ಮಾಡಲು ಸಾಧ್ಯವಿದೆ. ಬಳಸು ದಾರಿಗಳೆಲ್ಲ ಸೇರಿ ಇನ್ನೂರು ಕಿಲೋಮೀಟರಿನ ಆಸುಪಾಸು. ಇದರ ಬಹುಪಾಲು ಈಗಾಗಲೇ ನೆಲದ ಮೇಲಿದೆ: ಬಂಡಿದಾರಿ, ಕಾಲುದಾರಿ, ಕಾಲುವೆಯ ಏರಿ, ಗಾಳಿಯಂತ್ರಗಳಿಗೆಂದು ಮಾಡಿದ ಗರಸಿನ ರಸ್ತೆ. ಹೊಸದಾಗಿ ಕಡಿಯಬೇಕಾದ್ದು ತೀರಾ ಕಡಿಮೆ. ಆದ್ದರಿಂದ ನಮ್ಮ ಕೋರಿಕೆ ಒಂದೇ. ಸ್ವಾಗತ ಕಮಾನು, ಪೇವರ್ ಬ್ಲಾಕ್, ಡಿಪಿಆರ್ (ವಿವರವಾದ ಯೋಜನಾ ವರದಿ) ಎಂದು ಹೊರಡುವ ಮೊದಲು ಒಂದು ಪೂರ್ಣ ಹಂಗಾಮು ಈ ದಾರಿಯನ್ನು ಕಾಲ್ನಡಿಗೆಯಲ್ಲಿ, ಸೈಕಲ್ಲಿನಲ್ಲಿ, ಕುದುರೆಯ ಮೇಲೆ ಹೋಗಿ ಪರಿಶೀಲಿಸಿ, ದಾಖಲೆ ಮಾಡಿ. ಯಾವ ಕಾಮಗಾರಿ ಎಲ್ಲಿ ಬೇಕೆಂಬುದು ಆ ದಾಖಲೆಯಿಂದಲೇ ತಿಳಿಯಬೇಕು.

ದೂರ ನಡೆಯುವುದು ನಮ್ಮ ಸೀಮೆಗೆ ಹೊಸದೇನಲ್ಲ. ಯುಗಾದಿಗೆ ಮೊದಲು ಬೆಳಗಾವಿ, ಬಾಗಲಕೋಟೆ, ವಿಜಯಪುರ ಕಡೆಯ ಭಕ್ತರು ಮಲ್ಲಯ್ಯನ ಕಂಬಿ ಹೊತ್ತು ಶ್ರೀಶೈಲದವರೆಗೆ ವಾರಗಟ್ಟಲೆ ನಡೆಯುತ್ತಾರೆ. ದಾರಿಯುದ್ದಕ್ಕೂ ಊರವರೇ ನೆರಳು, ನೀರು, ಊಟ ಒದಗಿಸುತ್ತಾರೆ. ಬನದ ಹುಣ್ಣಿಮೆಗೆ ಬನಶಂಕರಿಗೆ ನಡೆದು ಬರುವವರೂ ಸಾವಿರಾರು. ಕುರಿ ಹಿಂಡು ಹೊಡೆದುಕೊಂಡು ವರ್ಷಕ್ಕೊಮ್ಮೆ ಜಿಲ್ಲೆ ದಾಟುವ ಕುರಿಗಾರರು ಇಂದಿಗೂ ತಟ್ಟುಗಳ ಬೆನ್ನ ಮೇಲೆ ಸಾಮಾನು ಹೇರುತ್ತಾರೆ. ಯಾವ ಹಳ್ಳ ಯಾವ ತಿಂಗಳವರೆಗೆ ಹರಿಯುತ್ತದೆ, ಯಾವ ದಾರಿಗೆ ಯಾರು ಬೇಲಿ ಹಾಕಿದ್ದಾರೆ ಎಂಬುದು ಅವರಿಗೆ ಗೊತ್ತಿರುವಷ್ಟು ಯಾವ ಕಚೇರಿಯ ನಕ್ಷೆಗೂ ಗೊತ್ತಿಲ್ಲ. ಪರಿಶೀಲನೆಗೆ ಮೊದಲು ಅವರನ್ನು ಮಾತನಾಡಿಸಬೇಕು.

ಮೂರೂ ಬಗೆಯ ಪಯಣಿಗರಿಗೆ ಒಂದೇ ದಾರಿ ಮಾಡಿದ ಅನುಭವ ಇಂಗ್ಲೆಂಡಿನಲ್ಲಿದೆ. ಅಲ್ಲಿ 1968ರ ಕಾಯ್ದೆ ಕುದುರೆ ದಾರಿಗಳಲ್ಲಿ ಸೈಕಲ್ಲಿಗೆ ಅವಕಾಶ ಕೊಟ್ಟಿತು. ಸೈಕಲ್ಲಿನವರು ನಡೆಯುವವರಿಗೂ ಕುದುರೆಯವರಿಗೂ ದಾರಿ ಬಿಡಬೇಕೆಂಬುದನ್ನು ಅದೇ ಕಾಯ್ದೆಯಲ್ಲಿ ಬರೆದರು. 1972ರಲ್ಲಿ ತೆರೆದ ಸೌತ್ ಡೌನ್ಸ್ ವೇ ವಿಂಚೆಸ್ಟರ್‌ನಿಂದ ಈಸ್ಟ್‌ಬೋರ್ನ್‌ವರೆಗೆ 160 ಕಿ.ಮೀ. ಪೆನ್ನೈನ್ ಗುಡ್ಡಸಾಲಿನ ಕುದುರೆ ದಾರಿ ಪೆನ್ನೈನ್ ಬ್ರೈಡಲ್‌ವೇ 330 ಕಿ.ಮೀ. ಮೇರಿ ಟೌನ್ಲಿ ಎಂಬ ಮಹಿಳೆ 1986ರಲ್ಲಿ ಕುದುರೆಯ ಮೇಲೆ ಆ ಗುಡ್ಡಗಳುದ್ದಕ್ಕೂ ಸಾಗಿ, ಹಳೆಯ ದಾರಿಗಳು ಎಲ್ಲೆಲ್ಲಿ ಕಡಿದುಹೋಗಿವೆ ಎಂದು ತೋರಿಸಿದ ಮೇಲೆ ಅದಕ್ಕೆ ಚಾಲನೆ ಸಿಕ್ಕಿತು. ಅವರ ಹೆಸರಿನ 76 ಕಿ.ಮೀ. ಸುತ್ತುದಾರಿ ತೆರೆದದ್ದು 2002ರಲ್ಲಿ. ಪೆನ್ನೈನ್ ಬ್ರೈಡಲ್‌ವೇಯ ದಕ್ಷಿಣ ತುದಿಯ ಒಂದು ಭಾಗ 1967ರಲ್ಲಿ ಮುಚ್ಚಿದ ರೈಲುಮಾರ್ಗದ ಮೇಲೇ ಸಾಗುತ್ತದೆ. ಅಲ್ಲಿಯೂ ಇದ್ದ ದಾರಿಗಳನ್ನು ಹುಡುಕಿ ಜೋಡಿಸಿದ್ದೇ ಹೆಚ್ಚು. ಆಸ್ಟ್ರೇಲಿಯಾದ 5,330 ಕಿ.ಮೀ. ಬೈಸೆಂಟೆನಿಯಲ್ ನ್ಯಾಷನಲ್ ಟ್ರೇಲ್ ಕೂಡ ದನ ಹೊಡೆಯುವ ಹಳೆಯ ದಾರಿಗಳನ್ನೂ ಕಾಡ್ಗಿಚ್ಚು ಆರಿಸಲೆಂದು ಮಾಡಿದ ರಸ್ತೆಗಳನ್ನೂ ಹಿಡಿದೇ ಸಾಗುತ್ತದೆ.

ಅಳತೆಗಳಿಗೆ ಬರೋಣ. ಮೂವರಲ್ಲಿ ಹೆಚ್ಚು ಜಾಗ, ಹೆಚ್ಚು ನೀರು, ಹೆಚ್ಚು ಎಚ್ಚರ ಬೇಡುವುದು ಕುದುರೆ. ಹಾಗಾಗಿ ಅಳತೆಯನ್ನು ಅದರಿಂದಲೇ ಹಿಡಿಯಬೇಕು. ಹೊಲದ ಅಂಚಿನಲ್ಲಿ ಹೋಗುವ ಕುದುರೆ ದಾರಿಗೆ ಇಂಗ್ಲೆಂಡಿನ ಕಾನೂನು ಕನಿಷ್ಠ 3 ಮೀಟರ್, ಹೊಲದ ನಡುವೆ ಹಾಯುವ ದಾರಿಗೆ ಕನಿಷ್ಠ 2 ಮೀಟರ್ ಅಗಲ ಕೇಳುತ್ತದೆ. ಗೇಟಿದ್ದರೆ ಒಂದೂವರೆ ಮೀಟರಿಗಿಂತ ಕಿರಿದಾಗಿರಬಾರದು. ಸವಾರನ ತಲೆ ನೆಲದಿಂದ ಎರಡೂವರೆ ಮೀಟರ್ ಎತ್ತರದಲ್ಲಿರುತ್ತದೆ. ಕುದುರೆ ಬೆದರಿ ಎಗರಿದರೆ ಇನ್ನೂ ಮೇಲೆ. ಹಾಗಾಗಿ ಜಾಲಿಯ ಟೊಂಗೆ, ಜೋತುಬಿದ್ದ ಸರ್ವಿಸ್ ವೈರ್ ಎಲ್ಲವೂ 3.5 ಮೀಟರಿಗಿಂತ ಮೇಲಿರಬೇಕು. ಹೆದ್ದಾರಿಯ ಕೆಳಗಿನ ಮೋರಿಗಳು ಬಹುತೇಕ ಇದಕ್ಕಿಂತ ತಗ್ಗು. ಅಲ್ಲಿ ಸವಾರ ಇಳಿದು ಕುದುರೆಯನ್ನು ನಡೆಸಿಕೊಂಡು ಹೋಗಬೇಕು; ಅದಕ್ಕೂ 2.7 ಮೀಟರ್ ಎತ್ತರ ಬೇಕು. ಇಳಿದವರು ಮತ್ತೆ ಹತ್ತಲು ಎರಡೂ ಬದಿ ಮೊಣಕಾಲೆತ್ತರದ ಒಂದೊಂದು ಗಟ್ಟಿ ಕಲ್ಲು ಹಾಕಿಸಿ. ಖರ್ಚು ಕಡಿಮೆ, ಎಲ್ಲರೂ ಮರೆಯುವುದು ಇದನ್ನೇ. ದನ ತಡೆಯಲು ಹಾಕುವ ಕಬ್ಬಿಣದ ಸರಳಿನ ಜಾಲರಿಯ ಮೇಲೆ ಕುದುರೆಯ ಕಾಲು ಸಿಕ್ಕರೆ ಮೂಳೆ ಮುರಿಯುತ್ತದೆ. ಅಂಥ ಕಡೆ ಪಕ್ಕದಲ್ಲಿ ಬೇರೆ ಗೇಟು ಇರಲೇಬೇಕು.

ಈಗ ದಾಖಲೆಯ ವಿಷಯ. ನಮ್ಮ ಅಂದಾಜಿನಲ್ಲಿ ಇಡೀ ಯೋಜನೆ ನಿಲ್ಲುವುದೂ ಬೀಳುವುದೂ ಇಲ್ಲೇ. ಕೊಪ್ಪಳ, ಕುಕನೂರು, ಇಟಗಿ ಹಿಂದೆ ನಿಜಾಮರ ಸೀಮೆ. ನರೇಗಲ್, ಸೂಡಿ, ಬಾದಾಮಿ ಮುಂಬೈ ಪ್ರಾಂತದವು. ಎರಡು ಆಡಳಿತ, ಎರಡು ಬಗೆಯ ಮೋಜಣಿ, ಹಳೆಯ ಕಡತದ ಭಾಷೆಯೂ ಬೇರೆ. ಗ್ರಾಮ ನಕ್ಷೆಯಲ್ಲಿ ಎರಡು ಸಾಲು ಚುಕ್ಕಿಯಿದ್ದರೆ ಬಂಡಿದಾರಿ, ಒಂದು ಸಾಲಿದ್ದರೆ ಕಾಲುದಾರಿ. ಹಳೆಯ ಸರಹದ್ದಿನ ಎರಡೂ ಬದಿಯ ನಕ್ಷೆಗಳನ್ನು ಅಕ್ಕಪಕ್ಕ ಇಟ್ಟರೆ ಒಂದು ಊರಿನ ಬಂಡಿದಾರಿ ಸೀಮೆಯಂಚಿಗೆ ಬಂದು ನಿಂತುಬಿಡಬಹುದು, ಪಕ್ಕದೂರಿನ ಹಾಳೆಯಲ್ಲಿ ಅದರ ಮುಂದುವರಿಕೆಯೇ ಇಲ್ಲದಿರಬಹುದು. ನೆಲದ ಮೇಲೆ ದಾರಿ ಇರುತ್ತದೆ, ಕಾಗದದ ಮೇಲೆ ಕಡಿದಿರುತ್ತದೆ. ಆದ್ದರಿಂದ ಇಟಗಿ–ನರೇಗಲ್ ನಡುವಿನ ಗಡಿ ಹಳ್ಳಿಗಳ ನಕ್ಷೆಗಳನ್ನೇ ಮೊದಲು ತೆಗೆಸಿ, ಜೋಡಿಸಿ ನೋಡಿ.

ದಾರಿಯ ಹಕ್ಕಿನಲ್ಲಿ ಮೂರು ಬಗೆಯಿದೆ. ಇವನ್ನು ಬೆರೆಸಿದರೆ ಮುಂದೆ ವ್ಯಾಜ್ಯ ಖಂಡಿತ. ನಕಾಶೆಯಲ್ಲಿ ಕಂಡು, ಬಿ-ಖರಾಬು (ಸಾಗುವಳಿಗೆ ಸೇರದ ಸಾರ್ವಜನಿಕ ಜಾಗ) ಎಂದು ಬಿಟ್ಟ ದಾರಿ ಸಾರ್ವಜನಿಕರದು. ನಮ್ಮ ದೂರದಾರಿಗೆ ಇದೇ ಗಟ್ಟಿ ಬುನಾದಿ. ಎರಡನೆಯದು, ಒಬ್ಬ ರೈತ ಇಪ್ಪತ್ತು ವರ್ಷ ಎಡೆಬಿಡದೆ ಪಕ್ಕದ ಹೊಲದಲ್ಲಿ ಹಾದು 1882ರ ಈಸ್‌ಮೆಂಟ್ ಕಾಯ್ದೆಯಡಿ ಪಡೆದ ಹಕ್ಕು. ಅದು ಅವನ ಜಮೀನಿಗೆ ಅಂಟಿದ ಹಕ್ಕು. ಊರಿಗೆಲ್ಲ, ಪ್ರವಾಸಿಗಳಿಗೆಲ್ಲ ಅದು ಸಲ್ಲುವುದಿಲ್ಲ. ಮೂರನೆಯದು ಬರೀ ಒಪ್ಪಿಗೆ. ಹೊಲದವರು ಹೂಂ ಅಂದಿದ್ದಾರೆ, ಜನ ಹೋಗುತ್ತಾರೆ, ಅಷ್ಟೇ. ಇಂಥ ಕಡೆ ಗ್ರಾಮ ಪಂಚಾಯಿತಿಯ ಸಮ್ಮುಖದಲ್ಲಿ ಲಿಖಿತ ಒಪ್ಪಂದವಾಗಬೇಕು: ಯಾವ ತಿಂಗಳು, ಎಷ್ಟು ಅಗಲ, ಬೆಳೆ ಹಾಳಾದರೆ ಯಾರು ಕೊಡಬೇಕು ಎಂಬುದು ಅದರಲ್ಲಿರಲಿ. ಪರಿಶೀಲನೆಯ ಪ್ರತಿ ತುಂಡಿಗೂ ಈ ಮೂರರಲ್ಲಿ ಒಂದು ಗುರುತು ಹಾಕಿ. ದಿಶಾಂಕ್ ಆ್ಯಪ್‌ನಲ್ಲಿ ನಿಂತ ಜಾಗದ ಸರ್ವೆ ನಂಬರ್ ಸಿಗುತ್ತದೆ. ಆದರೆ ಮೊಬೈಲ್ ತೋರಿಸುವ ಜಾಗ ನಾಲ್ಕಾರು ಮೀಟರ್ ಆಚೀಚೆ ಆಗುವುದರಿಂದ ಬದುವಿನ ತಕರಾರಿಗೆ ಅದನ್ನು ಆಧಾರ ಮಾಡಬಾರದು. ಅಲ್ಲಿ ಭೂಮಾಪಕರೇ ಬರಬೇಕು. ‘ನಮ್ಮ ಹೊಲ ನಮ್ಮ ದಾರಿ’ ಯೋಜನೆಯಡಿ ಸುಧಾರಿಸಿದ ಹೊಲದ ರಸ್ತೆಗಳ ಪಟ್ಟಿ ಪಂಚಾಯಿತಿಗಳಲ್ಲೇ ಇದೆ. ಅದನ್ನೂ ಇದೇ ನಕ್ಷೆಯ ಮೇಲೆ ಏರಿಸಿದರೆ ಅರ್ಧ ಕೆಲಸ ಹಗುರಾದಂತೆ.

ನೆಲ ಮೂರು ಬಗೆಯದು. ಆನೆಗೊಂದಿ–ಕೊಪ್ಪಳದಲ್ಲಿ ಕಣಶಿಲೆಯ ಬಂಡೆ, ಮರಳು ಬೆರೆತ ಕೆಂಪು ಮಣ್ಣು. ನೀರು ಬೇಗ ಇಂಗುತ್ತದೆ, ದಾರಿ ಬೇಗ ಒಣಗುತ್ತದೆ. ಬಾದಾಮಿಯಿಂದಾಚೆ ಮರಳುಗಲ್ಲು. ನಡುವಿನ ನರೇಗಲ್, ಸೂಡಿ ಸುತ್ತಿನ ಎರೆಭೂಮಿಯೇ ಕಷ್ಟದ ಜಾಗ. ಒಂದು ಅಡ್ಡಮಳೆ ಬಿದ್ದರೆ ಸಾಕು, ಎರೆಮಣ್ಣು ಬೂಟಿಗೆ ಕೇಜಿಗಟ್ಟಲೆ ಮೆತ್ತಿಕೊಳ್ಳುತ್ತದೆ. ಸೈಕಲ್ಲಿನ ಚಕ್ರಕ್ಕೂ ಫೋರ್ಕಿಗೂ ನಡುವೆ ತುಂಬಿ ಚಕ್ರ ತಿರುಗುವುದೇ ನಿಲ್ಲುತ್ತದೆ. ಆಗ ಬಲವಂತವಾಗಿ ತುಳಿದರೆ ಹಿಂದಿನ ಗೇರ್ ಹಿಡಿದಿರುವ ಹ್ಯಾಂಗರ್ ಮುರಿಯುತ್ತದೆ, ಆ ಭಾಗ ಗದಗದಲ್ಲೂ ಸಿಗುವ ಭರವಸೆಯಿಲ್ಲ. ಬೇಸಿಗೆಯಲ್ಲಿ ಅದೇ ನೆಲ ಬಾಯಿಬಿಟ್ಟು, ಕುದುರೆಯ ಗೊರಸು ಇಳಿಯುವಷ್ಟು ಅಗಲದ ಬಿರುಕು ಬೀಳುತ್ತದೆ. ಹಾಗೆಂದು ಇಲ್ಲಿ ಕಾಂಕ್ರೀಟ್ ಹಾಕಬೇಡಿ. ಎರೆಮಣ್ಣು ಹಿಗ್ಗಿ ಕುಗ್ಗುವಾಗ ಅದು ತುಂಡಾಗುತ್ತದೆ, ಕುದುರೆಯ ಲಾಳ ಅದರ ಮೇಲೆ ಜಾರುತ್ತದೆ. ದಾರಿಯನ್ನು ಅಕ್ಕಪಕ್ಕದ ಹೊಲಕ್ಕಿಂತ ಒಂದು ಅಡಿ ಎತ್ತರಿಸಿ, ಎರಡೂ ಬದಿ ನೀರು ಹರಿಯಲು ಗುಂಡಿ ತೆಗೆದು, ಮೇಲೆ 15ರಿಂದ 20 ಸೆಂಟಿಮೀಟರ್ ಗರಸು ಹಾಕಿ ನೀರು ಹೊಡೆದು ರೋಲರ್ ಓಡಿಸಿದರೆ ಮೂವರಿಗೂ ಸಾಕು, ರೈತರ ಟ್ರ್ಯಾಕ್ಟರಿಗೂ ಸಾಕು. ಇಡೀ ಉದ್ದಕ್ಕೂ ಬೇಡ. ಯಾವ ತುಂಡಿಗೆ ಬೇಕೆಂದು ಮಳೆಗಾಲ ಮುಗಿದ ಕೂಡಲೇ ನಡೆದರೆ ಮಾತ್ರ ಗೊತ್ತಾಗುತ್ತದೆ.

ಗುಡ್ಡದ ಇಳಿಜಾರಿನಲ್ಲಿ ಬೇರೆ ಲೆಕ್ಕ. ನೇರ ಇಳಿಯುವ ದಾರಿ ಮಳೆಗಾಲದಲ್ಲಿ ಹಳ್ಳವಾಗುತ್ತದೆ. ದಾರಿಯ ಏರು ಗುಡ್ಡದ ಏರಿನ ಅರ್ಧಕ್ಕಿಂತ ಹೆಚ್ಚಿರಬಾರದು, ಒಟ್ಟಾರೆ ನೂರಕ್ಕೆ ಹತ್ತರೊಳಗಿರಬೇಕು, ಹೊರ ಅಂಚಿಗೆ ನೂರಕ್ಕೆ ಐದರಷ್ಟು ವಾಟ ಇರಬೇಕು. ಆಗ ನೀರು ದಾರಿ ಹಿಡಿದು ಓಡದೆ ಅಡ್ಡ ದಾಟಿ ಹೋಗುತ್ತದೆ.

ಮುಳ್ಳಿನ ಬಗ್ಗೆ ಪ್ರತ್ಯೇಕವಾಗಿ ಹೇಳಲೇಬೇಕು. ಬಳ್ಳಾರಿ ಜಾಲಿಯನ್ನು ಕಡಿದು ಬೇಲಿಗೆ ಎಳೆದೊಯ್ಯುವಾಗ ದಾರಿಯುದ್ದಕ್ಕೂ ಮುಳ್ಳು ಉದುರುತ್ತದೆ. ಮಳೆಗಾಲ ಕಳೆದ ಮೇಲೆ ನೆಗ್ಗಿಲಮುಳ್ಳು ಒಣಗಿ ಗಾಲಿಗೆ ಕಾದಿರುತ್ತದೆ. ಸಾದಾ ಟ್ಯೂಬಿನಲ್ಲಿ ಹೊರಟವರು ದಿನವಿಡೀ ಪಂಕ್ಚರ್ ಹಾಕುತ್ತಲೇ ಇರಬೇಕಾಗುತ್ತದೆ. 40ರಿಂದ 50 ಮಿ.ಮೀ. ಅಗಲದ ಟ್ಯೂಬ್‌ಲೆಸ್ ಟೈರು, ಒಂದೊಂದಕ್ಕೆ ನೂರು ಮಿಲಿಲೀಟರಿನಷ್ಟು ಸೀಲೆಂಟ್ (ತೂತು ಮುಚ್ಚುವ ದ್ರವ) ಇದ್ದರೆ ನೆಗ್ಗಿಲಮುಳ್ಳನ್ನು ತಡೆಯಬಹುದು. ಜಾಲಿಮುಳ್ಳು ಟೈರಿನ ಪಕ್ಕಕ್ಕೆ ಚುಚ್ಚಿದರೆ ಅದೂ ಸಾಲದು. ಒಳಗೆ ಹಾಕಲು ಒಂದು ಟ್ಯೂಬ್ ಇರಲೇಬೇಕು. ಹಳ್ಳಿಯ ಸೈಕಲ್ ಶಾಪುಗಳಲ್ಲಿ 28 ಇಂಚಿನ ಹಳೇ ಮಾದರಿ ಸೈಕಲ್ಲಿನ ಟ್ಯೂಬ್, ಅದರ ವಾಲ್ವ್ ಮಾತ್ರ ಸಿಗುತ್ತದೆ. ಇಲಾಖೆ ಮಾಡಬಹುದಾದ್ದು ಇಷ್ಟು: ಜಾಲಿ ಕಡಿಸುವಾಗ ದಾರಿಯಂಚಿನಿಂದ ಎರಡು ಮೀಟರ್ ಒಳಗಿನವರೆಗೂ ಬುಡಕ್ಕೇ ಕಡಿಸಿ, ಕಡಿದ ದಿನವೇ ಟೊಂಗೆ ಎತ್ತಿಸಿ, ದಾರಿ ಗುಡಿಸಿಸಿ. ಅರ್ಧ ಕಡಿದು ಬಿಟ್ಟ ಜಾಲಿ ಕಡಿಯದ ಜಾಲಿಗಿಂತ ಕೆಟ್ಟದ್ದು.

ನೀರು. ನಡೆಯುವವನಿಗೆ ದಿನಕ್ಕೆ ಮೂರರಿಂದ ನಾಲ್ಕು ಲೀಟರ್. ಕುದುರೆಗೆ 25ರಿಂದ 45 ಲೀಟರ್, ಬಿಸಿಲೇರಿದರೆ ಇನ್ನೂ ಹೆಚ್ಚು. ಗದಗ, ಕೊಪ್ಪಳ ಜಿಲ್ಲೆಗಳ ಹಲವು ಊರುಗಳ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಇದೆ. ಆದ್ದರಿಂದ ಕುಡಿಯುವ ನೀರಿಗೆ ಊರಿನ ಶುದ್ಧ ನೀರಿನ ಘಟಕವನ್ನೇ ನೆಚ್ಚಬೇಕು. ಯಾವ ಊರಿನ ಘಟಕ ನಡೆಯುತ್ತಿದೆ, ಯಾವುದು ಕೆಟ್ಟು ನಿಂತಿದೆ ಎಂಬುದೂ ಪರಿಶೀಲನೆಯ ಪಟ್ಟಿಯಲ್ಲಿರಲಿ. ಕುದುರೆಗೆಂದು ದಾರಿಯಲ್ಲಿ ಸಾಮೂಹಿಕ ತೊಟ್ಟಿ ಕಟ್ಟಿಸಬೇಡಿ. ಗ್ಲ್ಯಾಂಡರ್ಸ್ ರೋಗ ಒಂದೇ ತೊಟ್ಟಿಯ ನೀರಿನಿಂದ, ಒಂದೇ ಗೋದಲಿಯ ಮೇವಿನಿಂದ ಹರಡುತ್ತದೆ, ಮನುಷ್ಯರಿಗೂ ತಗಲುತ್ತದೆ. ಸೋಂಕು ಖಚಿತವಾದ ಕುದುರೆಯನ್ನು ದಯಾಮರಣಕ್ಕೆ ಒಳಪಡಿಸಿ, ಸುತ್ತಲಿನ ಕುದುರೆಗಳ ಓಡಾಟ ನಿಲ್ಲಿಸಬೇಕಾಗುತ್ತದೆ. ನಲ್ಲಿ ಇರಲಿ, ಪ್ರತಿ ಸವಾರ ತನ್ನ ಬಕೆಟ್ ತರಲಿ. ಹೊರಡುವ ಮೊದಲು ಗ್ಲ್ಯಾಂಡರ್ಸ್ ಪರೀಕ್ಷೆಯ ವರದಿ ತೋರಿಸುವ ನಿಯಮವೂ ಬೇಕು.

ಮೇವಿಗೆ 400 ಕೆ.ಜಿ. ತೂಗುವ ಕುದುರೆಗೆ ದಿನಕ್ಕೆ ಆರರಿಂದ ಎಂಟು ಕೆ.ಜಿ. ಒಣ ಹುಲ್ಲು. ಊರಲ್ಲಿ ಜೋಳ ಬೇಕಾದಷ್ಟಿದೆಯೆಂದು ಹಸಿ ಪೈರಿಗೆ ಬಿಟ್ಟರೆ ಮೂತ್ರಕೋಶದ ಕಾಯಿಲೆ, ಹಿಂಗಾಲಿನ ಬಲಹೀನತೆ ಬರಬಹುದು. ಮೇವನ್ನು ಏಕಾಏಕಿ ಬದಲಿಸಿದರೆ ಹೊಟ್ಟೆಶೂಲೆ. ತಂಗುವ ಊರುಗಳಲ್ಲಿ ಒಣ ಹುಲ್ಲು ಯಾರ ಬಳಿ ಸಿಗುತ್ತದೆಂದು ಮೊದಲೇ ಗೊತ್ತುಮಾಡಬೇಕಾದ್ದು ಇದಕ್ಕಾಗಿ. ಲಾಳದ ವಿಷಯವೂ ಹಾಗೆಯೇ. ಸಂತೆ ಊರುಗಳಲ್ಲಿ ಎತ್ತಿಗೆ ಲಾಳ ಕಟ್ಟುವವರು ಇನ್ನೂ ಇದ್ದಾರೆ, ಆದರೆ ಎತ್ತಿನದು ಸೀಳು ಗೊರಸು, ಕುದುರೆಯದು ಇಡೀ ಗೊರಸು, ಮೊಳೆ ಹೊಡೆಯುವ ಕೋನವೇ ಬೇರೆ. ಕೊಪ್ಪಳ ಮತ್ತು ಬಾದಾಮಿಯಲ್ಲಿ ಒಬ್ಬೊಬ್ಬರಿಗೆ ಪಶುಪಾಲನಾ ಇಲಾಖೆ ತರಬೇತಿ ಕೊಟ್ಟರೆ ಸಾಕಾಗುತ್ತದೆ.

ತಂಗುದಾಣಗಳು 12ರಿಂದ 15 ಕಿ.ಮೀ.ಗೆ ಒಂದರಂತೆ ಬರಲಿ. ನಡೆಯುವವರು ಪ್ರತಿ ತಂಗುದಾಣದಲ್ಲೂ, ಕುದುರೆಯವರು ಎರಡಕ್ಕೊಮ್ಮೆ, ಸೈಕಲ್ಲಿನವರು ನಾಲ್ಕಕ್ಕೊಮ್ಮೆ ತಂಗುತ್ತಾರೆ. ಹೊಸ ಕಟ್ಟಡ ಬೇಡ. ಸಮುದಾಯ ಭವನ, ಮಠದ ಪಡಸಾಲೆ, ಒಪ್ಪಿದವರ ಮನೆ ಸಾಕು. ಕುದುರೆಗೆ ನೆರಳು, ಕಟ್ಟಲು ಗೂಟ, ಬೀದಿನಾಯಿ ಬರದಂತೆ ಒಂದು ಆವರಣ ಬೇಕು. ಹಂಗಾಮು ಅಕ್ಟೋಬರ್ ಕೊನೆಯಿಂದ ಫೆಬ್ರುವರಿ ನಡುವಿನವರೆಗೆ ಮಾತ್ರ. ಮಾರ್ಚಿನಿಂದ ಬಿಸಿಲು, ಜೂನಿನಿಂದ ಕೆಸರು.

ತುದಿಗಳಲ್ಲಿನ ತೊಡಕುಗಳಿಗೆ ಕಾನೂನೂ ಸೇರಿಕೊಳ್ಳುತ್ತದೆ. ಹಂಪಿ ಬದಿಯಿಂದ ಬರುವವರು ಹರಿಗೋಲಿನಲ್ಲಿ ಸೈಕಲ್ ದಾಟಿಸಬಹುದು, ಕುದುರೆ ದಾಟಿಸಲಾಗದು. ಅವರಿಗೆ ಬುಕ್ಕಸಾಗರ–ಕಡೇಬಾಗಿಲು ಸೇತುವೆಯೇ ದಾರಿ. ಸಂರಕ್ಷಿತ ಸ್ಮಾರಕದ ಎಲ್ಲೆಯಿಂದ 100 ಮೀಟರ್ ನಿಷೇಧಿತ, ಅದರಾಚೆ 200 ಮೀಟರ್ ನಿಯಂತ್ರಿತ ಪ್ರದೇಶ. 1112ರ ಇಟಗಿಯ ಮಹಾದೇವ ದೇಗುಲದ ಮುಂದೆ ಕುದುರೆ ಲಾಯವನ್ನೋ ನೀರಿನ ಟ್ಯಾಂಕನ್ನೋ ಕಟ್ಟಲು ಹೊರಟರೆ ಪುರಾತತ್ವ ಇಲಾಖೆ ತಡೆಯುತ್ತದೆ, ತಡೆಯಲೇಬೇಕು. ಬಾದಾಮಿಯಿಂದ ಮಹಾಕೂಟಕ್ಕೆ ಗುಡ್ಡದ ಮೇಲೆ ಹೋಗುವ ಹಳೆಯ ಕಾಲುದಾರಿ ನಡೆಯುವವರಿಗೆ ಬಲು ಚೆಂದ. ಆದರೆ ಅಲ್ಲಿನ ಸವೆದ ಮರಳುಗಲ್ಲ ಹಾಸಿನ ಮೇಲೆ ಲಾಳ ಕಟ್ಟಿದ ಕಾಲು ನಿಲ್ಲುವುದಿಲ್ಲ. ಕುದುರೆಗೂ ಸೈಕಲ್ಲಿಗೂ ತಪ್ಪಲಿನಲ್ಲಿ ಬೇರೆ ಕವಲು ಗುರುತಿಸಿ, ಮಹಾಕೂಟದಲ್ಲಿ ಮತ್ತೆ ಕೂಡಿಸಿ. ಪಟ್ಟದಕಲ್ಲಿನ ಬಳಿ ಮಲಪ್ರಭೆಯ ದಂಡೆಗಂಟಿ ಏನನ್ನೂ ನೆಡಬೇಡಿ. 2019ರ ಆಗಸ್ಟಿನಲ್ಲಿ ನೀರು ದೇಗುಲಗಳ ಅಂಗಳದವರೆಗೆ ಬಂದಿತ್ತು. ಕೊಪ್ಪಳದ ಬಂಡೆಗುಡ್ಡಗಳಲ್ಲಿ ಕರಡಿ, ಚಿರತೆ ಇವೆ. ಕರಡಿ ಓಡಾಡುವುದು ಮುಸ್ಸಂಜೆಯಿಂದ ನಸುಕಿನವರೆಗೆ. ಆ ಭಾಗದಲ್ಲಿ ಸೂರ್ಯೋದಯಕ್ಕೆ ಮೊದಲು, ಸಂಜೆ ಐದೂವರೆಯ ನಂತರ ದಾರಿ ಮುಚ್ಚಬೇಕು.

ಪರಿಶೀಲನೆ ಹೀಗೆ ನಡೆಯಲಿ. ಅಳತೆ ಗಾಲಿ ಹಿಡಿದ ಒಬ್ಬ ನಡೆಯುವವ, ಒಬ್ಬ ಸೈಕಲ್ ಸವಾರ, ಒಬ್ಬ ಕುದುರೆ ಸವಾರ, ಆಯಾ ಊರಿನ ಗ್ರಾಮ ಆಡಳಿತ ಅಧಿಕಾರಿ, ಜೊತೆಗೆ ಆ ಸೀಮೆಯ ಒಬ್ಬ ಕುರಿಗಾರ. ಪ್ರತಿ 500 ಮೀಟರಿಗೆ ನಿಂತು ಅಗಲ, ನೆಲ, ಏರು, ತಲೆಮೇಲಿನ ಅಡ್ಡಿ, ನೀರು, ನೆರಳು, ಮುಳ್ಳು, ಹಕ್ಕಿನ ಬಗೆ ಬರೆದುಕೊಳ್ಳಬೇಕು. ಹೋಗುವ ದಿಕ್ಕು, ಬರುವ ದಿಕ್ಕು ಎರಡರಲ್ಲೂ ಫೋಟೊ ಇರಲಿ. ಕವಲುಗಳು ಒಂದು ಕಡೆಯಿಂದ ಸ್ಪಷ್ಟ, ಇನ್ನೊಂದು ಕಡೆಯಿಂದ ಮಾಯ. ಬಾದಾಮಿಯ ಕಣಿವೆಗಳಲ್ಲಿ ಜಿಪಿಎಸ್ ಸಿಗ್ನಲ್ ಬಂಡೆಗೆ ಬಡಿದು ಗೆರೆ ಅಂಕುಡೊಂಕಾಗುತ್ತದೆ. ಅಲ್ಲಿ ಅಳತೆ ಗಾಲಿಯ ಲೆಕ್ಕವನ್ನೇ ಹಿಡಿಯಿರಿ. ಎರಡು ಸಲ ಹೋಗಬೇಕು: ಹಿಂಗಾರು ಮಳೆಯ ಹಸಿ ಆರುವ ಮೊದಲು ಒಮ್ಮೆ, ಬಿಳಿಜೋಳ ತೆನೆಗಟ್ಟಿ ಆಳೆತ್ತರ ನಿಂತಾಗ ಇನ್ನೊಮ್ಮೆ. ಬೇಸಿಗೆಯಲ್ಲಿ ಬಯಲು ನೋಡಿ ನೆಟ್ಟ ಗುರುತುಕಲ್ಲು ಜನವರಿಯಲ್ಲಿ ಜೋಳದೊಳಗೆ ಮುಳುಗಿ ಯಾರಿಗೂ ಕಾಣುವುದಿಲ್ಲ. ಜೋಳದ ಹೊಲದ ಅಂಚಿಗೆ ದನ ಬರದಂತೆ ಕುಸುಬೆ ಬಿತ್ತಿರುತ್ತಾರೆ. ಅದರ ಮುಳ್ಳು ಕುದುರೆಯ ಕಾಲಿಗೂ ಸೈಕಲ್ಲಿನವರ ಮೊಣಕಾಲಿಗೂ ತರಚುತ್ತದೆ. ನಕ್ಷೆಯಲ್ಲಿ ಮೂರು ಮೀಟರ್ ಇರುವ ದಾರಿ ಆಗ ಎಷ್ಟು ಉಳಿದಿದೆ ಎಂಬುದೇ ನಿಜವಾದ ಅಗಲ.

ಗುರುತಿಗೆ ತಗಡಿನ ಬೋರ್ಡು ಬೇಡ, ಕಳವಾಗುತ್ತದೆ. ಕವಲಿನ ದಾರಿಯಂಚಿಗೇ, ನೆಲದ ಮೇಲೆ 1.2 ಮೀಟರ್, ಒಳಗೆ ಅರ್ಧ ಮೀಟರ್ ಇರುವ ಕಲ್ಲುಕಂಬ ನೆಡಿಸಿ. ಎರಡೂ ಮುಖಕ್ಕೆ ಬಾಣ, ಕಂಬದ ಸಂಖ್ಯೆ, ಊರಿನ ಹೆಸರು ಕೆತ್ತಿಸಿ. ಕೆಳಗೆ 112, 108, ಜಾನುವಾರಿಗೆ 1962. ಕಂಬದ ಸಂಖ್ಯೆ ಹೇಳಿದರೆ ಆಂಬುಲೆನ್ಸ್ ಎಲ್ಲಿಗೆ ಬರಬೇಕೆಂದು ತಿಳಿಯುವಂತೆ ಆ ಪಟ್ಟಿ ತಾಲ್ಲೂಕು ಆಸ್ಪತ್ರೆಯಲ್ಲೂ ಪೊಲೀಸ್ ಠಾಣೆಯಲ್ಲೂ ಇರಬೇಕು.

ಹೊಲದವರ ಮಾತು ಎಲ್ಲಕ್ಕಿಂತ ಮುಖ್ಯ. ಕುದುರೆ ಹೋಗುವ ಕಡೆ ಬೈಕೂ ಹೋಗುತ್ತದೆ, ಚಕ್ಕಡಿಯೂ ಹೋಗುತ್ತದೆ. ಅವನ್ನು ತಡೆಯುವ ಕಂಬ ನೆಡುವ ಯೋಚನೆಯೇ ತಪ್ಪು. ಸುಗ್ಗಿಯಲ್ಲಿ ರಾಶಿ ಬಂಡಿ ಎದುರಾದರೆ ಪಯಣಿಗರೇ ಬದಿಗೆ ನಿಲ್ಲಬೇಕು. ಪಯಣಿಗರ ನಡುವೆ, ಸೈಕಲ್ಲಿನವರು ಎಲ್ಲರಿಗೂ, ನಡೆಯುವವರು ಕುದುರೆಗೂ ದಾರಿ ಬಿಡಬೇಕು. ಕುದುರೆಯ ಹಿಂದಿನಿಂದ ಸದ್ದಿಲ್ಲದೆ ಬರಬಾರದು. ದೂರದಿಂದಲೇ ದನಿ ಮಾಡಿ, ಇಳಿಜಾರಿನಲ್ಲಿ ಕೆಳಬದಿಗೆ ಸರಿದು ನಿಲ್ಲಬೇಕು. ಕುರಿಗಾರರ ನಾಯಿ ಬೆನ್ನಟ್ಟಿದರೆ ಸೈಕಲ್ ಓಡಿಸದೆ ಇಳಿದು, ಸೈಕಲ್ಲನ್ನು ನಡುವೆ ಹಿಡಿದು ನಡೆಯಬೇಕು. ಇವನ್ನು ಪಯಣಿಗರಿಗೆ ಕೊಡುವ ಅನುಮತಿ ಪತ್ರದ ಹಿಂಬದಿಗೇ ಅಚ್ಚುಹಾಕಿಸಿ.

ರೈತರಿಂದಲೂ ಎರಡು ವಿಷಯ ಕೇಳಲೇಬೇಕು. ಹಂದಿ ಕಾಟಕ್ಕೆ ಬೇಲಿಗೆ ನೇರ ಕರೆಂಟು ಕೊಡುವ ಪದ್ಧತಿ ಕೆಲವೆಡೆ ಇದೆ. ಅದು ಅಪರಾಧ, ನಸುಕಿನಲ್ಲಿ ಹೊರಟವರ ಜೀವಕ್ಕೂ ಕುದುರೆಯ ಜೀವಕ್ಕೂ ಅಪಾಯ. ದಾರಿಯ ಎರಡೂ ಬದಿಯ ಬೇಲಿಗಳನ್ನು ವಿದ್ಯುತ್ ಕಂಪನಿಯ ಲೈನ್‌ಮನ್ ಹಂಗಾಮಿಗೆ ಮೊದಲು ಪರೀಕ್ಷಿಸಲಿ, ಜೊತೆಗೇ ಹಂದಿ ನಷ್ಟದ ಪರಿಹಾರವೂ ಬೇಗ ಸಿಗುವಂತಾಗಲಿ. ಇನ್ನೊಂದು, ಬತ್ತಿದ ಕೊಳವೆಬಾವಿಗಳ ಬಾಯಿ. ಮುಚ್ಚಬೇಕೆಂದು ಸುಪ್ರೀಂ ಕೋರ್ಟ್ 2010ರಲ್ಲೇ ಮಾರ್ಗಸೂಚಿ ಕೊಟ್ಟಿದೆ. ದಾರಿಯಿಂದ ಹತ್ತು ಮೀಟರಿನೊಳಗಿನ ಪ್ರತಿ ಬಾವಿ, ಕೊಳವೆಬಾವಿಯನ್ನೂ ಪಟ್ಟಿಮಾಡಿ, ಪಂಚಾಯಿತಿಯಿಂದಲೇ ಮುಚ್ಚಿಸಿ.

ಈ ವರ್ಷದ ಹಿಂಗಾರು ಮಳೆ ನಿಲ್ಲುವುದರೊಳಗೆ ಮೂರು ಜಿಲ್ಲೆಗಳಿಗೂ ಸೇರಿ ಒಬ್ಬ ನೋಡಲ್ ಅಧಿಕಾರಿಯನ್ನು ನೇಮಿಸಿ, ಇಟಗಿ–ನರೇಗಲ್–ಸೂಡಿ ಭಾಗದಿಂದ ಪರಿಶೀಲನೆ ಆರಂಭಿಸಬೇಕೆಂದು ಕೋರುತ್ತೇವೆ. ಅತಿ ಕಷ್ಟದ ನೆಲವೂ ಅತಿ ಗೊಂದಲದ ದಾಖಲೆಯೂ ಅಲ್ಲೇ ಇವೆ. ಅದು ಬಗೆಹರಿದರೆ ಉಳಿದದ್ದು ಸಾಗುತ್ತದೆ. ಸಿದ್ಧವಾದ ನಕ್ಷೆ, ಟಿಪ್ಪಣಿಗಳನ್ನು ಪ್ರತಿ ಪಂಚಾಯಿತಿಯ ಫಲಕದಲ್ಲಿ ಮೂವತ್ತು ದಿನ ಹಾಕಿ, ತಕರಾರು ಕೇಳಿ. ಕುದುರೆ, ಸೈಕಲ್, ಅಳತೆ ಗಾಲಿ ನಮ್ಮವೇ ಇವೆ. ಕರೆದ ದಿನ ಬರುತ್ತೇವೆ.

ಇಂತಿ ತಮ್ಮ ವಿಶ್ವಾಸಿಗಳು,
ಈ ಸೀಮೆಯಲ್ಲಿ ನಡೆಯುವವರು, ಸೈಕಲ್ ತುಳಿಯುವವರು, ಕುದುರೆ ಸಾಕುವವರು